ಅವತ್ತು ಮೇನಾರ್ಡ್‌ಗೆ ಮೂರು ವಾರ ಕೊಡಬೇಕಿತ್ತು

ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡ ಕಾಲಿಂಗ್‌ವುಡ್‌ನ ಅಭಿಮಾನಿಯಾಗಿ ಈ ಮಾತು ಬರೆಯೋಕೆ ನನಗೆ ಇಷ್ಟು ವರ್ಷ ಬೇಕಾಯಿತು. 2023ರ ಫೈನಲ್ಸ್‌ನಲ್ಲಿ, ಅಂದರೆ ಕಪ್ ಯಾರಿಗೆ ಅಂತ ತೀರ್ಮಾನಿಸುವ ಸೀಸನ್ ಕೊನೆಯ ಪಂದ್ಯಗಳಲ್ಲಿ, ನಮ್ಮ ಆಟಗಾರ ಬ್ರೇಡನ್ ಮೇನಾರ್ಡ್‌ಗೆ ಶಿಕ್ಷೆ ಆಗಬೇಕಿತ್ತು. ಆಗಿದ್ದರೆ ಆ ವರ್ಷದ ಕಪ್ ನಮಗೆ ಸಿಗದೇ ಹೋಗಬಹುದಿತ್ತು. ಆದರೂ ಆಗಬೇಕಿತ್ತು.

ಊರಲ್ಲಿರುವ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಎಂಸಿಜಿ ಅಂದರೆ ನಿಮಗೆ ಬಾಕ್ಸಿಂಗ್ ಡೇ ಟೆಸ್ಟ್ ನೆನಪಾಗುತ್ತೆ. ಇಲ್ಲಿ ಮೆಲ್ಬರ್ನ್‌ನಲ್ಲಿ ಚಳಿ ಶುರುವಾದರೆ ಅದೇ ಮೈದಾನ ಫೂಟಿಯದ್ದು, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್‌ನದ್ದು. ಒಂದೊಂದು ತಂಡಕ್ಕೆ 18 ಜನ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ತಪ್ಪು ಮಾಡಿದವನನ್ನು ಅಲ್ಲೇ ಹೊರಗೆ ಕಳಿಸುವ ಕೆಂಪು ಕಾರ್ಡ್ ಈ ಆಟದ ದೊಡ್ಡ ಲೀಗ್ ಎಎಫ್‌ಎಲ್‌ನಲ್ಲಿಲ್ಲ. ಎಲ್ಲಾ ಆಮೇಲೆ. ವಿಡಿಯೊ ನೋಡಿ ಅಳೆಯುತ್ತಾರೆ: ಬೇಕಂತಲೇ ಮಾಡಿದ್ದಾ, ಅಜಾಗರೂಕತೆಯಾ? ಏಟು ಎಷ್ಟು ಜೋರು? ತಲೆಗೆ ಬಿತ್ತಾ, ಮೈಗೆ ಬಿತ್ತಾ? ದೊಡ್ಡ ಪ್ರಕರಣ ಆದರೆ ಟ್ರಿಬ್ಯೂನಲ್‌ಗೆ, ಅಂದರೆ ಲೀಗ್‌ನ ವಿಚಾರಣಾ ಮಂಡಳಿಗೆ ಹೋಗುತ್ತೆ. ಶಿಕ್ಷೆ ಪಂದ್ಯಗಳ ಲೆಕ್ಕದಲ್ಲಿ, ಆದರೆ ಎಲ್ಲರ ಬಾಯಲ್ಲೂ ಅದು "ವಾರ". ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಕಾಫಿ ಹಿಡಿದು ನಿಂತವರೆಲ್ಲ ಕೇಳೋದು ಒಂದೇ, "ಎಷ್ಟು ವಾರ ಬೀಳುತ್ತೆ?"

ಅವತ್ತು ಗುರುವಾರ ರಾತ್ರಿ, ಸೆಪ್ಟೆಂಬರ್ 7. ಕಾಲಿಂಗ್‌ವುಡ್ ಮತ್ತು ಮೆಲ್ಬರ್ನ್ ನಡುವೆ ಪಂದ್ಯ. ನಾನು ನನ್ನ ಹಾಸನದ ಗೆಳೆಯನ ಜೊತೆ ಹೋಗಿದ್ದೆ. ಅವನು ಮೆಲ್ಬರ್ನ್ ಅಭಿಮಾನಿ. ಮೊದಲ ಕ್ವಾರ್ಟರ್‌ನಲ್ಲೇ ಅದು ಆಯಿತು. ಆಂಗಸ್ ಬ್ರೇಶಾ ಚೆಂಡು ಒದ್ದ. ಅದನ್ನು ತಡೆಯೋಕೆ ಮೇನಾರ್ಡ್ ಎರಡೂ ಕೈ ಎತ್ತಿ ಹಾರಿದ. ಚೆಂಡು ಸಿಗಲಿಲ್ಲ. ಗಾಳಿಯಲ್ಲೇ ಮೈ ತಿರುಗಿಸಿದ, ಭುಜ ಹೋಗಿ ಬ್ರೇಶಾನ ತಲೆಗೆ ಬಡಿಯಿತು. ಬ್ರೇಶಾ ಹೆಲ್ಮೆಟ್ ಹಾಕಿಕೊಂಡು ಆಡುತ್ತಿದ್ದ ಕೆಲವೇ ಆಟಗಾರರಲ್ಲಿ ಒಬ್ಬ. ಮೊದಲೂ ತಲೆಗೆ ಏಟು ತಿಂದವನು. ಬಿದ್ದವನು ಅಲುಗಾಡಲಿಲ್ಲ. ಸ್ಟ್ರೆಚರ್ ಬರುವವರೆಗೆ 90 ಸಾವಿರಕ್ಕೂ ಜಾಸ್ತಿ ಜನ ಕೂತಿದ್ದ ಜಾಗದಲ್ಲಿ ಪಕ್ಕದವನ ಉಸಿರು ಕೇಳುತ್ತಿತ್ತು.

ಆಮೇಲೆ ಏನಾಯಿತು ಅಂತ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಕೂಗಿದವರಲ್ಲಿ ನಾನೂ ಇದ್ದೆ. "ಚೆಂಡಿಗೇ ಹೋಗಿದ್ದು! ಫುಟ್‌ಬಾಲ್ ಅಂದ್ರೆ ಹಿಂಗೇ!" ನಾವು ಏಳು ಪಾಯಿಂಟ್‌ನಿಂದ ಗೆದ್ದೆವು. ರಿಚ್ಮಂಡ್ ಸ್ಟೇಷನ್‌ವರೆಗೆ ನಡೆಯುವಾಗ ಗೆಳೆಯ ಒಂದು ಮಾತೂ ಆಡಲಿಲ್ಲ.

ಲೀಗ್ ಮೇನಾರ್ಡ್‌ನನ್ನು ಟ್ರಿಬ್ಯೂನಲ್‌ಗೆ ಕಳಿಸಿತು. ಹಾರಿದ ಮೇಲೆ ಗಾಳಿಯಲ್ಲಿರುವವನು ಏನು ತಾನೇ ಮಾಡೋಕೆ ಆಗುತ್ತೆ ಅನ್ನೋದು ಅವನ ಪರವಾದ ವಾದ. ಟ್ರಿಬ್ಯೂನಲ್ ಒಪ್ಪಿತು, ಬಿಟ್ಟುಬಿಟ್ಟಿತು. ಮುಂದೆ ಪ್ರಿಲಿಮಿನರಿ ಫೈನಲ್ (ಸೆಮಿಫೈನಲ್ ಇದ್ದ ಹಾಗೆ) ಒಂದು ಪಾಯಿಂಟ್‌ನಿಂದ ಗೆದ್ದೆವು, ಗ್ರ್ಯಾಂಡ್ ಫೈನಲ್ ನಾಲ್ಕು ಪಾಯಿಂಟ್‌ನಿಂದ. ಎರಡರಲ್ಲೂ ಮೇನಾರ್ಡ್ ಆಡಿದ. ಬ್ರೇಶಾ ಮತ್ತೆ ಆಡಲೇ ಇಲ್ಲ. 2024ರ ಫೆಬ್ರವರಿಯಲ್ಲಿ ಡಾಕ್ಟರುಗಳ ಮಾತು ಕೇಳಿ ನಿವೃತ್ತಿ ಹೇಳಿದ. ವಯಸ್ಸು 28.

ಮೇನಾರ್ಡ್ ಕೆಟ್ಟವನಲ್ಲ. ಘಟನೆ ಆದಮೇಲೆ ಬ್ರೇಶಾನ ಮನೆಗೇ ಹೋಗಿ ಬಂದಿದ್ದ. ನಾನು ಹೇಳೋದು ಅವನ ಮನಸ್ಸಿನ ಬಗ್ಗೆ ಅಲ್ಲ, ಬ್ರೇಶಾನ ತಲೆಯ ಬಗ್ಗೆ. ಓಡಿ ಬರುವವನ ಎದುರು ಹಾರುವ ನಿರ್ಧಾರ ಮಾಡಿದ್ದು ನೆಲದ ಮೇಲೆ ಕಾಲಿದ್ದಾಗ. ಲೆಕ್ಕ ಅಲ್ಲಿಂದ ಶುರುವಾಗಬೇಕು, ಗಾಳಿಯಿಂದ ಅಲ್ಲ. ಲೀಗ್‌ಗೂ ಕೊನೆಗೆ ಇದೇ ಅನಿಸಿತು. 2024ರ ಸೀಸನ್‌ಗೆ ನಿಯಮ ಬದಲಾಯಿತು: ಹೀಗೆ ಹಾರಿ ತಲೆಗೆ ತಾಗಿದರೆ ಕಡೇ ಪಕ್ಷ ಅಜಾಗರೂಕತೆ ಅಂತ ಹಿಡಿಯುತ್ತಾರೆ. ಆ ವರ್ಷ ಶುರುವಿನಲ್ಲೇ ಸೇಂಟ್ ಕಿಲ್ಡಾದ ಜಿಮ್ಮಿ ವೆಬ್‌ಸ್ಟರ್‌ಗೆ ಒಂದು ಬಂಪ್‌ಗೆ, ಅಂದರೆ ಭುಜದಿಂದ ಡಿಕ್ಕಿ ಹೊಡೆದದ್ದಕ್ಕೆ, ಏಳು ವಾರ ಬಿತ್ತು, ಅದೂ ಅಭ್ಯಾಸ ಪಂದ್ಯದಲ್ಲಿ. ಅಂದರೆ ಆರು ತಿಂಗಳಲ್ಲಿ ಮನಸ್ಸು ಬದಲಾಗೋಕೆ ಸಾಧ್ಯ ಇತ್ತು. ಒಬ್ಬನ ಆಟ ಮುಗಿದ ಮೇಲೆ ಬದಲಾಯಿತು, ಅದೇ ನೋವು.

"ಆಟ ಮೆತ್ತಗಾಗ್ತಿದೆ" ಅಂತ ಕೊರಗುವವರಿಗೆ ನಾನು ಹೆಸರುಗಳನ್ನಷ್ಟೇ ಹೇಳುತ್ತೇನೆ. ಪಾಲಿ ಫಾರ್ಮರ್, ಡ್ಯಾನಿ ಫ್ರಾಲಿ, ಶೇನ್ ಟಕ್. ಮೂವರೂ ಹಳೇ ಆಟಗಾರರು. ಮೂವರ ಮೆದುಳಲ್ಲೂ ಸಾವಿನ ನಂತರ ಸಿಟಿಇ ಪತ್ತೆಯಾಯಿತು, ಪದೇ ಪದೇ ತಲೆಗೆ ಏಟು ಬಿದ್ದವರಿಗೆ ಬರುವ ಕಾಯಿಲೆ ಅದು. ಮಹಿಳಾ ಲೀಗ್‌ನ ಹೆದರ್ ಆಂಡರ್ಸನ್‌ಗೂ ಇತ್ತು. ಆಕೆ ತೀರಿಕೊಂಡಾಗ ವಯಸ್ಸು 28.

ಕೋಚ್‌ಗಳ ವಿಷಯ ಇಲ್ಲಿ ಬರುತ್ತೆ. ಪ್ರತಿ ಸಲ ಪಂದ್ಯದ ನಂತರ ಕೋಚ್ ಮೈಕ್ ಮುಂದೆ ಕೂತು "ಅವನು ಅಂಥ ಹುಡುಗ ಅಲ್ಲ" ಅನ್ನುತ್ತಾನೆ. ನಾವು ಬೈಯುತ್ತೇವೆ. ಆದರೆ ಅವನ ಕುರ್ಚಿಯ ಸ್ಥಿತಿ ನೋಡಿ. ಬ್ರೇಶಾನ ಕೋಚ್ ಸೈಮನ್ ಗುಡ್ವಿನ್ 2021ರಲ್ಲಿ ಮೆಲ್ಬರ್ನ್‌ಗೆ 57 ವರ್ಷದ ನಂತರ ಕಪ್ ತಂದುಕೊಟ್ಟವರು. 2025ರ ಆಗಸ್ಟ್‌ನಲ್ಲಿ, ಕಾಂಟ್ರ್ಯಾಕ್ಟ್ ಇನ್ನೂ ಇರುವಾಗಲೇ, ತೆಗೆದುಹಾಕಿದರು. ಸೇಂಟ್ ಕಿಲ್ಡಾ ಕೋಚ್ ಬ್ರೆಟ್ ರಾಟನ್‌ಗೆ 2022ರಲ್ಲಿ ಹೊಸ ಕಾಂಟ್ರ್ಯಾಕ್ಟ್ ಕೊಟ್ಟು ಕೆಲವೇ ತಿಂಗಳಲ್ಲಿ ಮನೆಗೆ ಕಳಿಸಿದರು. ರಿಚ್ಮಂಡ್‌ಗೆ ಮೂರು ಕಪ್ ಗೆದ್ದುಕೊಟ್ಟ ಡೇಮಿಯನ್ ಹಾರ್ಡ್‌ವಿಕ್ 2023ರ ಸೀಸನ್ ನಡುವೆ ಸುಸ್ತಾಗಿ ತಾವೇ ಹೊರನಡೆದರು. ಮುಂದಿನ ಸೋಲಿಗೆ ಕೆಲಸ ಹೋಗುತ್ತೆ ಅನ್ನುವ ಭಯದಲ್ಲಿರುವವನು ಹುಡುಗರಿಗೆ "ಹಾರಬೇಡಿ, ತಡೆದುಕೊಳ್ಳಿ" ಅಂತ ತಾನಾಗಿ ಹೇಳ್ತಾನಾ? ಹೇಳಲ್ಲ. ಹೇಳಲೇಬೇಕಾದ ಪರಿಸ್ಥಿತಿ ತರೋದು ವಾರಗಳು ಮಾತ್ರ. ಒಳ್ಳೆ ಆಟಗಾರ ಫೈನಲ್ಸ್‌ನಲ್ಲಿ ಹೊರಗೆ ಕೂತರೆ ಮುಂದಿನ ಮಂಗಳವಾರ ಅಭ್ಯಾಸದಲ್ಲೇ ಪಾಠ ಬದಲಾಗುತ್ತೆ. ಅದಕ್ಕೇ ಫೈನಲ್ಸ್ ಅಂತ ರಿಯಾಯಿತಿ ಕೊಡಬಾರದು ಅಂತೀನಿ.

2018ರಲ್ಲಿ ವೆಸ್ಟ್ ಕೋಸ್ಟ್‌ನ ಆಂಡ್ರ್ಯೂ ಗ್ಯಾಫ್‌ಗೆ ಹಾಗೇ ಆಯಿತು. ಫ್ರೀಮ್ಯಾಂಟಲ್‌ನ 18ರ ಹುಡುಗನಿಗೆ ಗುದ್ದಿ ದವಡೆ ಮುರಿದ, ಎಂಟು ವಾರ ಬಿತ್ತು. ಅವನ ತಂಡ ಅವನಿಲ್ಲದೆ ಕಪ್ ಗೆದ್ದಿತು. ಗ್ಯಾಫ್‌ಗೆ ನಿವೃತ್ತಿಯವರೆಗೂ ಕಪ್ ಸಿಗಲಿಲ್ಲ. ಗುದ್ದು ತಿಂದ ಹುಡುಗ ಆಂಡ್ರ್ಯೂ ಬ್ರೇಶಾ, ಆಂಗಸ್‌ನ ಸ್ವಂತ ತಮ್ಮ. ಆ ತಾಯಿಯನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ನನ್ನ ಮನಸ್ಸು ತಿರುಗಿದ್ದು ಟಿವಿ ಚರ್ಚೆ ನೋಡಿ ಅಲ್ಲ. ಕಳೆದ ಚಳಿಗಾಲ ಮಗನ ಹನ್ನೆರಡು ವರ್ಷದೊಳಗಿನವರ ಪಂದ್ಯ. ಬೆಳಿಗ್ಗೆ ಎಂಟೂವರೆ, ಹುಲ್ಲೆಲ್ಲಾ ಒದ್ದೆ. ಎದುರು ತಂಡದ ಹುಡುಗನೊಬ್ಬ ಮಗನ ಎರಡೂ ಕೈ ಹಿಡಿದು ತಿರುಗಿಸಿ ಕೆಡವಿದ. ತಲೆ ನೆಲಕ್ಕೆ ಬಡಿದ ಸದ್ದು ಗೆರೆಯ ಆಚೆ ನಿಂತ ನನಗೆ ಕೇಳಿಸಿತು. ಕೆಡವಿದ ಹುಡುಗ ನನ್ನ ಮಗನಿಗಿಂತ ಜೋರಾಗಿ ಅಳುತ್ತಿದ್ದ. ಮಗ ಎದ್ದು ಕೂತು, ನನ್ನ ಮುಖ ನೋಡಿ, "ಅಪ್ಪಾ, ಇದು ಯಾವ ಗ್ರೌಂಡು?" ಅಂದ. ಪ್ರತಿ ವಾರ ಆಡುವ ಅವನದೇ ಮೈದಾನ ಅದು. ಈಗ ಹುಷಾರಾಗಿದ್ದಾನೆ, ಆಡುತ್ತಿದ್ದಾನೆ. ಆ ಪ್ರಶ್ನೆ ಮಾತ್ರ ನನ್ನ ಕಿವಿಯಿಂದ ಹೋಗಿಲ್ಲ.

ಹೋದ ವಾರ ಹಾಸನದ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ, ಅವತ್ತು ಮೇನಾರ್ಡ್‌ಗೆ ಮೂರು ವಾರ ಕೊಡಬೇಕಿತ್ತು ಕಣೋ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಈ ಮಾತು ರಿಚ್ಮಂಡ್ ಸ್ಟೇಷನ್ನಲ್ಲೇ ಹೇಳಬೇಕಿತ್ತು ನೀನು" ಅಂದ.