ಆಯಿಯ ಮಿಕ್ಸಿ, ನನ್ನ ಲೆಕ್ಕ

ಶಿರಸಿ ಕಡೆಯ ಮಳೆಗಾಲ ಗೊತ್ತಲ್ಲ. ಎಲ್ಲೋ ಒಂದು ಮರ ತಂತಿ ಮೇಲೆ ಬಿತ್ತು ಅಂದರೆ ನಮ್ಮ ಊರಿಗೆ ಮೂರು ದಿನ ಕರೆಂಟಿಲ್ಲ. ಕಳೆದ ವರ್ಷ ಫ್ರಿಜ್ಜಿನಲ್ಲಿದ್ದ ಹಾಲು ಒಡೆದ ದಿನ ನಾನು ಹಠಕ್ಕೆ ಬಿದ್ದು ಜನರೇಟರ್ ತರಲು ಹೊರಟೆ.

ಸುಮ್ನೆ ಹೊರಡಲಿಲ್ಲ, ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಫ್ರಿಜ್ 150 ವ್ಯಾಟ್, ಎರಡು ಫ್ಯಾನ್ 150, ಆರು ಎಲ್‌ಇಡಿ ಬಲ್ಬ್ 54. ಒಟ್ಟು 354. ಜನರೇಟರಿನ ತಾಕತ್ತನ್ನು ಅಳೆಯೋದು ಕೆವಿಎ ಲೆಕ್ಕದಲ್ಲಿ. ಒಂದು ಕೆವಿಎ ಮಷಿನ್ನು ಅಂದರೆ, ಪವರ್ ಫ್ಯಾಕ್ಟರ್ (ಆ ತಾಕತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಹಿಡಿದರೂ 800 ವ್ಯಾಟ್ ಸಿಗುತ್ತೆ. ಧಾರಾಳ ಆಯ್ತು, ಜಾಸ್ತಿ ದುಡ್ಡು ಯಾಕೆ ಸುರಿಯೋದು ಅಂತ ಅದನ್ನೇ ಹೊತ್ತು ತಂದೆ.

ಮಳೆ ಅಂತ ಜಗಲಿ ಮೇಲೇ ಇಟ್ಟು ಚಾಲೂ ಮಾಡಿದೆ. ಐದೇ ನಿಮಿಷಕ್ಕೆ ಅಪ್ಪಯ್ಯ ಕೆಮ್ಮುತ್ತಾ ಎದ್ದು ಬಂದರು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವ ಮಾತ್ರ ತೆಗೆಯುತ್ತೆ. ಕೊಡೆ ಹಿಡಿದು ಮಷಿನ್ನನ್ನು ಅಂಗಳದಾಚೆಯ ಕಟ್ಟಿಗೆ ಮಾಡಿಗೆ ಸಾಗಿಸಿದೆ.

ಅಲ್ಲಿಂದ ಎಲ್ಲ ಚೆನ್ನಾಗಿಯೇ ಇತ್ತು, ಆಯಿ ತಂಬುಳಿಗೆ ಕಾಯಿ ರುಬ್ಬಲು ಹೊರಡುವವರೆಗೆ. ಮಿಕ್ಸಿ ಬರೀ 750 ವ್ಯಾಟ್, ಆದರೆ ನನ್ನ ಕ್ಯಾಲೆಂಡರಿನಲ್ಲಿ ಅದು ಇರಲೇ ಇಲ್ಲ! ಗುಂಡಿ ತಿರುಗಿಸಿದ್ದೇ ತಡ, ಮಾಡಿನಲ್ಲಿ ಮಷಿನ್ನು ನರಳಿತು, ಬಲ್ಬುಗಳು ಚಿಮಣಿ ದೀಪದಷ್ಟಾದವು, ಜಾರಿನಲ್ಲಿ ಕಾಯಿತುರಿ ಅರ್ಧ ಸುತ್ತು ಹೊಡೆದು ನಿಂತಿತು. ಆಮೇಲೆ ಬರೀ ಮಳೆ ಸದ್ದು.

"ತಮಾ, ಇದು ಕೂಗ್ತು, ಕೆಲಸ ಮಾಡ್ತಿಲ್ಲೆ" ಅಂದು ಆಯಿ ಒರಳುಕಲ್ಲು ತೊಳೆಯಲು ಹೋದಳು.

ಮರುದಿನ ಬಂದ ಎಲೆಕ್ಟ್ರಿಷಿಯನ್ ಕ್ಯಾಲೆಂಡರ್ ನೋಡಿ ನಕ್ಕ. ಮೋಟರ್ ಇರುವ ಸಾಮಾನು ಮಲಗಿದ ಎತ್ತಿನ ಹಾಗಂತೆ, ಎದ್ದ ಮೇಲೆ ತಾನೇ ನಡೆಯುತ್ತೆ, ಎಬ್ಬಿಸುವಾಗಲೇ ಬೆವರು. ಫ್ರಿಜ್ಜು, ಪಂಪು ಇವೆಲ್ಲ ಶುರುವಾಗುವಾಗ ಓಡುವಾಗಿನ ಮೂರ್ನಾಲ್ಕು ಪಟ್ಟು ಎಳೆಯುತ್ತವೆ. ಬಾವಿಯ ಒಂದು ಎಚ್‌ಪಿ ಪಂಪಿನ ಕಥೆ ಕೇಳಿದೆ. "ಓಡೋಕೇ ಸಾವಿರ ವ್ಯಾಟ್ ಹತ್ರ ಬೇಕು, ಎಬ್ಬಿಸೋಕೆ ಮೂರು ಸಾವಿರ" ಅಂದ. ನಾನು ಮಾತಾಡಲಿಲ್ಲ.

ದೊಡ್ಡದು ತರಲು ಈ ಸಲದ ಅಡಿಕೆ ಮಾರಬೇಕು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ "ಫ್ರಿಜ್, ಫ್ಯಾನ್, ಬಲ್ಬ್ ಎಲ್ಲ ಬಂದ್ ಮಾಡಿದ್ರಾ?" ಅಂತ ಕೂಗಿ ಕೇಳದೆ ಯಾರೂ ಮಿಕ್ಸಿ ಮುಟ್ಟುವ ಹಾಗಿಲ್ಲ. ಮೊನ್ನೆ ಬೆಂಗಳೂರಿನಿಂದ ಬಂದ ಭಾವ, "ಹೆಂಗೂ ಜನರೇಟರ್ ಇದ್ದಲಾ, ಗೀಸರ್ ಹಾಕ್ಲಾ?" ಅಂದ.

ಬಚ್ಚಲ ಹಂಡೆ ತೋರಿಸಿ, ಕೈಗೆ ಬೆಂಕಿಪೆಟ್ಟಿಗೆ ಕೊಟ್ಟೆ.