ಹುಬ್ಬಿಗೂ ವಿಶ್ರಾಂತಿಯಂತೆ!

ಬೆಳಿಗ್ಗೆಯಿಂದ ಮೂರು ವಾಟ್ಸಾಪ್ ಗುಂಪಿನಲ್ಲಿ ಒಂದೇ ಚಿತ್ರ. ಒತ್ತಡ ಕಳೆಯಲು ಹತ್ತು ಹೆಜ್ಜೆಗಳಂತೆ. 'ಭುಜಗಳಿಗೆ ವಿಶ್ರಾಂತಿ ನೀಡಿ', 'ದವಡೆಗೆ ವಿಶ್ರಾಂತಿ ನೀಡಿ', 'ಹುಬ್ಬಿಗೆ ವಿಶ್ರಾಂತಿ ನೀಡಿ'. ಹುಬ್ಬೇನು ಹೊಲ ಉತ್ತು ಬಂದಿದೆಯಾ ಸ್ವಾಮಿ, ಚಾಪೆ ಹಾಸಿ ಮಲಗಿಸೋಕೆ?

ಇಂಗ್ಲಿಷಿನ 'ರಿಲ್ಯಾಕ್ಸ್' ಅನ್ನೋದನ್ನೇ ಹೀಗೆ 'ವಿಶ್ರಾಂತಿ' ಮಾಡಿಟ್ಟಿದ್ದಾರೆ. ರಿಲ್ಯಾಕ್ಸ್ ಅನ್ನೋದು ಲ್ಯಾಟಿನ್ನಿನ 'ರೆಲಕ್ಸಾರೆ'ಯಿಂದ ಬಂದಿದ್ದು. 'ಲಕ್ಸುಸ್' ಅಂದರೆ ಸಡಿಲ. ಬಿಗಿದಿದ್ದನ್ನು ಮತ್ತೆ ಸಡಿಲ ಮಾಡು, ಅಷ್ಟೇ ಅರ್ಥ. ಹೊಟ್ಟೆ ಸಡಿಲಿಸುವ ಲ್ಯಾಕ್ಸೆಟಿವ್ ಇದೇ ಮನೆಯದು. ರಿಲೀಸ್, ಲೀಸ್ ಎರಡೂ ಫ್ರೆಂಚ್ ದಾರಿ ಹಿಡಿದು ಬಂದ ದಾಯಾದಿಗಳು. ಎಲ್ಲೂ ಹಾಸಿಗೆ ದಿಂಬಿನ ಮಾತಿಲ್ಲ. ಪಕ್ಕದ ಗೋವಾದಲ್ಲಿ 1560ರಿಂದ 1812ರವರೆಗೆ ನಡೆದ ಇನ್‌ಕ್ವಿಸಿಷನ್‌ನ, ಅಂದರೆ ಧರ್ಮದ್ರೋಹದ ವಿಚಾರಣೆ ಮಾಡುತ್ತಿದ್ದ ಚರ್ಚಿನ ನ್ಯಾಯಾಲಯದ, ಪೋರ್ಚುಗೀಸಿನಲ್ಲಿ ಇದೇ ಮೂಲದ 'ರೆಲಶಾದು' ಅಂದರೆ ಚರ್ಚು ತನ್ನ ಹಿಡಿತದಿಂದ ಬಿಟ್ಟು ರಾಜ್ಯಾಧಿಕಾರಿಗಳಿಗೆ ಒಪ್ಪಿಸಿದವನು, ಅಂದರೆ ಸುಡುವುದಕ್ಕೆ. ಅವನಿಗೂ 'ವಿಶ್ರಾಂತಿ ನೀಡಲಾಯಿತು' ಅಂತ ಬರೀತೀರಾ?

ವಿಶ್ರಾಂತಿಯ ಮೂಲ 'ಶ್ರಮ್' ಧಾತು. ಶ್ರಮ, ಪರಿಶ್ರಮ, ಆಶ್ರಮ, ಶ್ರಮಣ ಎಲ್ಲ ಅಲ್ಲಿಂದಲೇ. ದುಡಿದವನು ದುಡಿಮೆ ನಿಲ್ಲಿಸಿದರೆ ವಿಶ್ರಾಂತಿ. ಕನ್ನಡದ 'ದಣಿವಾರಿಸಿಕೊ' ನನಗೆ ಅದಕ್ಕಿಂತ ಇಷ್ಟ: ಕಾಫಿ ಆರುತ್ತೆ, ಒದ್ದೆ ಬಟ್ಟೆ ಆರುತ್ತೆ, ಗಾಯ ಆರುತ್ತೆ, ಹಾಗೇ ದಣಿವೂ ಆರುತ್ತೆ. ಚೆಂದದ ಮಾತು, ಆದರೆ ಬಿಗಿ ಬಿಡಿಸುವ ಮಾತಲ್ಲ.

ಆ ಮಾತು ನಮ್ಮಲ್ಲಿ ಇಲ್ಲವೇ? ಸಂಸ್ಕೃತದ ಶಿಥಿಲ, ಅದರ ತದ್ಭವ ಸಡಿಲ. ಯೋಗಸೂತ್ರ 2.47ರಲ್ಲಿ ಪತಂಜಲಿ ಆಸನಕ್ಕೆ ಹೇಳಿದ್ದೇ 'ಪ್ರಯತ್ನಶೈಥಿಲ್ಯ', ಪ್ರಯತ್ನವನ್ನೇ ಸಡಿಲ ಬಿಡುವುದು. ಶಿಥಿಲ ಅಂದರೆ ಈಗ ಬೀಳಲಿರುವ ಶಾಲೆ ಕಟ್ಟಡ ನೆನಪಾಗುತ್ತೆ, ಒಪ್ಪಿದೆ. ಸಡಿಲಕ್ಕೇನು ಬಂದಿದೆ ರೋಗ? ಸರ್ಕಾರಿ ಗುಮಾಸ್ತರು 'ವಯೋಮಿತಿ ಸಡಿಲಿಕೆ' ಅಂತ ಸರಿಯಾಗೇ ಬರೀತಾರೆ. (ಗುಮಾಸ್ತರ ಕನ್ನಡವನ್ನು ನಾನು ಹೊಗಳೋ ದಿನವೂ ಬಂತು ನೋಡಿ.)

'ಅರ್ಥವಾದರೆ ಸಾಕು ಬಿಡಿ, ಭಾಷೆ ಬಳಕೆಯಿಂದ ಬೆಳೆಯುತ್ತೆ' ಅನ್ನೋರು ಈಗ ಬರ್ತಾರೆ. ಅರ್ಥವಾಗ್ತಿಲ್ಲ ಅನ್ನೋದೇ ನನ್ನ ತಕರಾರು. ವಿಶ್ರಾಂತಿ ಅಂತ ಓದಿದವರು ಹೋಗಿ ಮಲಗ್ತಾರೆ. ಹಲ್ಲು ಕಚ್ಚಿಕೊಂಡೇ, ಭುಜ ಕಿವಿಯವರೆಗೆ ಏರಿಸಿಕೊಂಡೇ. ಮಲಗಿದ ಮೈಯಲ್ಲೂ ಬಿಗಿ ಉಳಿದಿರುತ್ತೆ ಅನ್ನೋದನ್ನೇ ಹಿಡಿದು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಒಂದು ಪದ್ಧತಿ ಕಟ್ಟಿ 1929ರಲ್ಲಿ ಪುಸ್ತಕ ಮಾಡಿದರು. ಈಗ ಅದನ್ನು ಹೇಳಿಕೊಡೋದು ಹೆಚ್ಚಾಗಿ ಹೀಗೆ: ಬಲಗೈ ಮುಷ್ಟಿಯನ್ನು 5ರಿಂದ 7 ಸೆಕೆಂಡ್ ಬಿಗಿಹಿಡಿಯಿರಿ, ಪೂರ್ತಿ ಶಕ್ತಿ ಬೇಡ, ಮುಕ್ಕಾಲು ಸಾಕು. ಆಮೇಲೆ ಒಮ್ಮೆಲೇ ಬಿಟ್ಟುಬಿಡಿ. ಮೆಲ್ಲಗೆ ಬಿಚ್ಚೋಕೂ ಸ್ನಾಯು ದುಡಿಯಬೇಕಾಗುತ್ತೆ, ಅದಕ್ಕೇ ಒಮ್ಮೆಲೇ. ಬಿಟ್ಟ ಮೇಲೆ ಅರ್ಧ ನಿಮಿಷ ಬರೀ ವ್ಯತ್ಯಾಸ ಗಮನಿಸಿ. ಇನ್ನೊಂದು ಸಲ ಮಾಡಿ ಮುಂದಿನ ಅಂಗಕ್ಕೆ ಹೋಗಿ. ಕೆಡುವುದು ಎಲ್ಲಿ ಗೊತ್ತಾ? ಬಿಗಿಯುವಾಗ ಉಸಿರನ್ನೂ ಕಟ್ಟಿಬಿಡ್ತಾರೆ. ಮುಷ್ಟಿಯ ಜೊತೆ ಭುಜವೂ ಎದ್ದುಬಿಡುತ್ತೆ. ಪಾದವನ್ನು ಕೆಳಕ್ಕೆ ಚಾಚಿ ಜೋರಾಗಿ ಬಿಗಿದರೆ ಮೀನಖಂಡ ಹಿಡಿದುಕೊಳ್ಳುತ್ತೆ, ಅದಕ್ಕೆ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಳ್ಳಿ. ಬಿಗಿದು ಬಿಡೋದರಿಂದ ಶುರುವಾಗುವ ಈ ಕೆಲಸಕ್ಕೆ 'ವಿಶ್ರಾಂತಿ' ಅಂತ ಹೆಸರಿಟ್ಟರೆ ಯಾರು ತಾನೇ ಮುಷ್ಟಿ ಹಿಡೀತಾರೆ?

ಚಿತ್ರ ಮಾಡಿದ ಪುಣ್ಯಾತ್ಮರು ಇದನ್ನು ಓದಿದರೆ ತಿದ್ದಿಕೊಳ್ಳಿ: ಭುಜ ಇಳಿಬಿಡಿ. ದವಡೆ ಸಡಿಲಿಸಿ. ಹುಬ್ಬಿನ ಗಂಟು ಬಿಚ್ಚಿ. ಏಳನೇ ಹೆಜ್ಜೆಯಲ್ಲಿ 'ಮೊಬೈಲ್ ಬದಿಗಿಟ್ಟು ಕಣ್ಣಿಗೆ ವಿಶ್ರಾಂತಿ ಕೊಡಿ' ಅಂತಿದೆ. ಅದೊಂದು ಸರಿಯಾಗಿದೆ, ಹಾಗೇ ಇರಲಿ.