ರೇಡಿಯಾಲಜಿಯೇ ಬೇಕು ಎನ್ನುವವರಿಗೆ

ಎಂಬಿಬಿಎಸ್ ಮುಗಿಸಿದವರಿಗೆ ಪಿಜಿ (ಸ್ನಾತಕೋತ್ತರ) ಸೀಟು ಹಂಚುವ ಕೌನ್ಸೆಲಿಂಗ್ ಹತ್ತಿರವಾಯಿತೆಂದರೆ ದಾವಣಗೆರೆಯ ಇಂಟರ್ನ್‌ಗಳು, ಮನೆಯಲ್ಲೇ ಕುಳಿತು ಮತ್ತೊಂದು ವರ್ಷ ಓದುತ್ತಿರುವವರು, ಅವರ ತಂದೆತಾಯಿ, ಎಲ್ಲರೂ ಕೇಳುವುದು ಒಂದೇ: "ಸರ್, ರೇಡಿಯಾಲಜಿ ಸಿಗುತ್ತದೆಯೇ? ಇಲ್ಲವೆಂದರೆ ಡರ್ಮಾ?" ರೇಡಿಯಾಲಜಿ ಎಂದರೆ ಸ್ಕ್ಯಾನ್, ಎಕ್ಸ್-ರೇ ನೋಡಿ ಕಾಯಿಲೆ ಪತ್ತೆ ಹಚ್ಚುವ ವಿಭಾಗ, ಡರ್ಮಾ ಎಂದರೆ ಚರ್ಮರೋಗದ್ದು. ಸಿಗುವುದು ಬಿಡುವುದು ರ‍್ಯಾಂಕ್‌ಗೆ ಬಿಟ್ಟದ್ದು. ಯಾಕೆ ಬೇಕು ಎಂದು ತಿರುಗಿ ಕೇಳಿದರೆ ಉತ್ತರವೂ ಒಂದೇ: ರಾತ್ರಿ ಡ್ಯೂಟಿ ಇಲ್ಲ, ರೋಗಿಯ ಕಡೆಯವರ ಗಲಾಟೆ ಇಲ್ಲ, ದುಡ್ಡಿದೆ. ಆ ಕೆಲಸ ಇಷ್ಟ ಎಂದವರು ಬೆರಳೆಣಿಕೆಯಷ್ಟು.

ನಾನು ರೇಡಿಯಾಲಜಿಯವನೇ. ರಾತ್ರಿ ಡ್ಯೂಟಿ ಇಲ್ಲ ಎಂದು ನಿಮಗೆ ಹೇಳಿದ ಮಹಾನುಭಾವ ಯಾರೋ ಕಾಣೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾಗಿ ಬಂದವನ ಸಿಟಿ ಸ್ಕ್ಯಾನ್ ಬೆಳಗಿನವರೆಗೆ ಕಾಯುವುದಿಲ್ಲ. ಸರ್ಜರಿಯವರು ಬಾಗಿಲಲ್ಲೇ ನಿಂತಿರುತ್ತಾರೆ. ಹಗಲಾದರೆ ಜಗಳೂರು, ಹರಪನಹಳ್ಳಿ ಕಡೆಯಿಂದ ಮೊದಲ ಬಸ್ಸಿಗೆ ಬಂದವರು ಅಲ್ಟ್ರಾಸೌಂಡ್ ಸ್ಕ್ಯಾನಿಗೆಂದು ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ತಡೆದುಕೊಂಡು ಸಾಲಾಗಿ ಕುಳಿತಿರುತ್ತಾರೆ. ತಡವಾದರೆ ಗಲಾಟೆಯೂ ಇದೆ. ಒಳಗೆ ದೀಪ ಆರಿಸಿದ ಕೋಣೆ, ಬಲಗೈಯಲ್ಲಿ ಪ್ರೋಬ್, ಎಡಗೈ ಕೀಲಿಗಳ ಮೇಲೆ. ಸಂಜೆಯ ಹೊತ್ತಿಗೆ ಭುಜ ಹಿಡಿದುಕೊಂಡಿರುತ್ತದೆ. ಪ್ರತಿ ಗರ್ಭಿಣಿಯ ಸ್ಕ್ಯಾನಿಗೂ ಫಾರ್ಮ್ ಎಫ್ ಎಂಬ ಸರ್ಕಾರಿ ನಮೂನೆ ತುಂಬಬೇಕು. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಆ ದಾಖಲೆ ಸರಿಯಿಲ್ಲದಿದ್ದರೂ ಅಪರಾಧವೇ. ಯಂತ್ರಕ್ಕೆ ಸೀಲ್ ಬಿದ್ದು ಕೋರ್ಟಿಗೆ ಅಲೆಯಬೇಕಾಗಬಹುದು. ಇಷ್ಟನ್ನೂ ನೋಡಿದ ಮೇಲೆ, ಪರದೆಯ ಮೇಲಿನ ಬೂದು ನೆರಳುಗಳಲ್ಲಿ ಕಾಯಿಲೆ ಹುಡುಕುವುದು ನಿಮಗೆ ಖುಷಿ ಕೊಡುವುದಾದರೆ ಖಂಡಿತ ಬನ್ನಿ. ಇಂಟರ್ನ್‌ಶಿಪ್ಪಿನ ಐಚ್ಛಿಕ ಪೋಸ್ಟಿಂಗನ್ನು ಓದಲು ಸಿಕ್ಕ ರಜೆ ಎಂದುಕೊಂಡು ಲೈಬ್ರರಿ ಸೇರಬೇಡಿ, ಆ ಕತ್ತಲ ಕೋಣೆಯಲ್ಲಿ ಕಳೆಯಿರಿ.

ಡರ್ಮಾ ಬಗ್ಗೆ ಒಂದೇ ಮಾತು. ನೀವು ಅಂದ ಹೆಚ್ಚಿಸುವ ಲೇಸರ್ ಚಿಕಿತ್ಸೆಯ ಕನಸು ಕಾಣುತ್ತಿದ್ದೀರಿ. ಒಪಿಡಿಗೆ ಬರುವುದು ಹುಳುಕಡ್ಡಿ, ಕಜ್ಜಿ, ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿ ಕೆಡಿಸಿಕೊಂಡ ಚರ್ಮ.

ಇನ್ನು ವರ್ಷಗಟ್ಟಲೆ ಡ್ರಾಪ್ ಮಾಡುವ, ಅಂದರೆ ಉಳಿದೆಲ್ಲ ಬಿಟ್ಟು ಮತ್ತೆ ಪರೀಕ್ಷೆಗೇ ಓದುವ ವಿಚಾರ. ಪಿಜಿ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯಲ್ಲಿ 200 ಪ್ರಶ್ನೆ, 800 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಮೇಲಿನ ತುದಿಯಲ್ಲಿ ನಾಲ್ಕೈದು ಪ್ರಶ್ನೆ ಕೈಕೊಟ್ಟರೂ ರ‍್ಯಾಂಕ್ ಎಲ್ಲಿಂದ ಎಲ್ಲಿಗೋ ಜಾರುತ್ತದೆ. 2024ರಲ್ಲಿ ಜೂನ್ 23ಕ್ಕಿದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿ ಆಗಸ್ಟ್ 11ಕ್ಕೆ ನಡೆಸಿದರು. ಅಷ್ಟು ಹೊತ್ತಿಗೆ ಊರು ಬಿಟ್ಟು ಪರೀಕ್ಷಾ ಕೇಂದ್ರ ಸೇರಿಕೊಂಡವರ ಪಾಡು ಏನಾಗಿರಬೇಕು! ನಿಮ್ಮ ಓದಿನ ಆಚೆಗೂ ಇಷ್ಟೊಂದು ಸಂಗತಿಗಳಿರುವ ಪರೀಕ್ಷೆಗೆ ಇಡೀ ಯೌವನ ಅಡವಿಡಬೇಡಿ. ಒಂದು ಡ್ರಾಪ್ ಸರಿ. ಎರಡನೆಯದು, ಮೊದಲನೆಯದರಲ್ಲಿ ಅಂಕ ಚೆನ್ನಾಗಿ ಏರಿದ್ದರೆ ಮಾತ್ರ. ಆ ಅವಧಿಯಲ್ಲೂ ವಾರಕ್ಕೆರಡು ದಿನ ಯಾವುದಾದರೂ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿ, ಕೈ ಮರೆಯದಿರಲಿ.

ಪಿಜಿ ಸೀಟಿಗೇ ಬರ ಎಂದು ಭಾವಿಸಬೇಡಿ. 2023ರಲ್ಲಿ ಸೀಟು ತುಂಬಿಸಲು ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೇ ಇಳಿಸಿದರು, ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ಬರ ಇರುವುದು ಎಲ್ಲರೂ ಬೆನ್ನು ಹತ್ತಿರುವ ಎರಡು ಮೂರು ವಿಭಾಗಗಳಿಗೆ. ಜನರಲ್ ಮೆಡಿಸಿನ್ ಸಿಕ್ಕಿದರೆ ಮುಖ ಸಣ್ಣದು ಮಾಡಿಕೊಳ್ಳುವವರನ್ನು ಕಂಡರೆ ನನಗೆ ರೇಗುತ್ತದೆ. ಸಕ್ಕರೆ ಕಾಯಿಲೆ, ಕಿಡ್ನಿ, ಹಾವು ಕಡಿತ, ಈ ಭಾಗದ ಜನ ಹುಡುಕಿಕೊಂಡು ಬರುವುದು ಆ ವೈದ್ಯರನ್ನೇ. ಮುಂದೆ ಹೃದಯ, ಕಿಡ್ನಿಯಂಥ ಒಂದೇ ವಿಷಯದಲ್ಲಿ ಪರಿಣತಿ ಕೊಡುವ ಡಿಎಂ ಪದವಿಯ ದಾರಿಯೂ ತೆರೆದಿರುತ್ತದೆ.

ತಂದೆತಾಯಿಗಳಿಗೂ ಒಂದು ಮಾತು. ಮ್ಯಾನೇಜ್‌ಮೆಂಟ್ ಸೀಟಿಗೆಂದು ಚನ್ನಗಿರಿ ಕಡೆಯ ಅಡಿಕೆ ತೋಟ ಮಾರುವ ಮೊದಲು ಲೆಕ್ಕ ಹಾಕಿ. ಓದು ಮುಗಿದ ಮೇಲೆ ಸ್ವಂತ ಸ್ಕ್ಯಾನಿಂಗ್ ಸೆಂಟರ್ ಎಂದರೆ ಯಂತ್ರಕ್ಕೆ ಮತ್ತೊಂದು ಸಾಲ. ಇಲ್ಲವಾದರೆ ಬೇರೆಯವರ ಸೆಂಟರಿನಲ್ಲಿ ಸಂಬಳ. ಆ ಸಂಬಳದಲ್ಲಿ ತೋಟ ವಾಪಸು ಬರಲು ಎಷ್ಟು ವರ್ಷ ಬೇಕೆಂದು ಯಾವ ಏಜೆಂಟನೂ ಹೇಳುವುದಿಲ್ಲ. ಕೊನೆಯ ವರ್ಷದ ಪಿಜಿ ವಿದ್ಯಾರ್ಥಿಯನ್ನು ಕೇಳಿ. ಮೊದಲ ವರ್ಷದವನನ್ನು ಬೇಡ, ಅವನು ನಿದ್ದೆಗೆಟ್ಟು ಎಲ್ಲವನ್ನೂ ಬೈಯುತ್ತಾನೆ.